ಏಕಾಂತಪ್ಪನ ಏಳೂವರೆ ಟೈರು

ಏಕಾಂತಪ್ಪ ತನ್ನ ಪಿಕಪ್ ಗಾಡಿಯನ್ನು ಮೂರು ಬೆರಳು ಎತ್ತರ ಮಾಡಿಸಿದ್ದು ಜಂಬಕ್ಕಲ್ಲ, ಹಂಡೆಗಳ ಹಿತಕ್ಕೆ. ಜಂಬ ಬಂದದ್ದು ಆಮೇಲೆ. ಅದು ಬಂದ ಬಗೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದೇ ಒಳ್ಳೆಯದು, ಏಕೆಂದರೆ ಪೆರಂಬೂರಿನ ಕೆಲವು ಮನೆಗಳಲ್ಲಿ ಈ ಸಂಗತಿಯನ್ನು ಈಗಲೂ ಭಕ್ತಿಕಥೆಯೆಂದು ಹೇಳುತ್ತಾರೆ.

ಅವನು ದಾವಣಗೆರೆ ಬಿಟ್ಟು ಮದರಾಸಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಪೆರಂಬೂರಿನಲ್ಲಿ ಮದುವೆಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ರೈಲ್ವೆಯವರು, ಬ್ಯಾಂಕಿನವರು, ಇನ್ಶೂರೆನ್ಸಿನವರು ಅಂತ ಊರೆಲ್ಲ ಚೆದುರಿಕೊಂಡಿದ್ದ ಕನ್ನಡದವರಲ್ಲಿ ಯಾರ ಮನೆಯ ಮದುವೆಯಾದರೂ ಅನ್ನ ಬೇಯುತ್ತಿದ್ದದ್ದು ಏಕಾಂತಪ್ಪನ ಹಂಡೆಯಲ್ಲೇ. ಹಂಡೆ ಹೊರಲು ಮಿಲಿಟರಿಯವರು ಹರಾಜು ಹಾಕಿದ ಒಂದು ಪಿಕಪ್ಪು ಇತ್ತು. ಮುಂದೆ ಜೀಪಿನ ಮೂತಿ, ಹಿಂದೆ ತೆರೆದ ತೊಟ್ಟಿ. ಭಾರಕ್ಕೆ ಅದರ ಕಮಾನು ಪಟ್ಟಿಗಳು ಕುಸಿದು ತೊಟ್ಟಿ ನೆಲ ಕೆರೆಯತೊಡಗಿದಾಗ ಮುಂದೆ ಹಿಂದೆ ಎರಡೆರಡು ಪಟ್ಟಿ ಜಾಸ್ತಿ ಹಾಕಿಸಿದ. ಗಾಡಿ ಮೂರು ಬೆರಳು ಮೇಲೆದ್ದಿತು. ಅಷ್ಟಕ್ಕೇ ನಿಂತಿದ್ದರೆ ಕಥೆಯಿರಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಶಿವರಾತ್ರಿಯ ಆಸುಪಾಸು ಅವನ ಹೆಂಡತಿ ಸರ್ವಮಂಗಳಾ ಕಾಮಾಲೆಯಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಳು. ಅವಳನ್ನು ನೋಡಲು ದಾವಣಗೆರೆಯಿಂದ ಅವಳ ಅಣ್ಣ ಶಾಂತವೀರಪ್ಪ ಬಂದ. ಹಣೆ ತುಂಬ ವಿಭೂತಿ, ಹೆಸರಿನಲ್ಲಿ ಮೂರು ಲಾರಿ, ಶಾಸ್ತ್ರ ಸಂಪ್ರದಾಯದಲ್ಲಿ ಕೂದಲು ಸೀಳುವ ಮನುಷ್ಯ. ತಂಗಿಯನ್ನು ಐದು ನಿಮಿಷ ನೋಡಿದ, ಹೊರಗೆ ಬಂದು ಗಾಡಿಯನ್ನು ಅರ್ಧ ಗಂಟೆ ನೋಡಿದ.

"ಏಕಾಂತಪ್ಪಾ, ಗಾಡಿ ಎತ್ತರಾತು, ಖರೆ. ಆದ್ರ ಕೆಳಗ ಕಾಲು ನೋಡೋ! ಆನಿಗೆ ಕೋಳಿ ಕಾಲು ಹಚ್ಚಿದಂಗ ಐತಿ" ಎಂದ.

ಅಂದಿನಿಂದ ಏಕಾಂತಪ್ಪನಿಗೆ ನೆಮ್ಮದಿ ಹಾರಿಹೋಯಿತು. ನಿಜ, ಎತ್ತರವಾದ ಮೈಯ ಕೆಳಗೆ ಆ ಟೈರುಗಳು ಪಂಚೆ ಎತ್ತಿ ಕಟ್ಟಿದವನ ಸಣಕಲು ಕಾಲಿನ ಹಾಗೆ ಕಾಣುತ್ತಿದ್ದವು. ಇಷ್ಟು ದಿನ ಯಾರಿಗೂ ಕಂಡಿರಲಿಲ್ಲ, ಈಗ ಜಗತ್ತಿಗೆಲ್ಲ ಕಾಣುತ್ತಿದೆ ಎಂದು ಅವನಿಗೆ ಖಾತ್ರಿಯಾಯಿತು. ರಸ್ತೆಯಲ್ಲಿ ಸಿಕ್ಕವರ ಮುಖ ನೋಡಿ ಮಾತಾಡಿಸುವುದನ್ನು ಬಿಟ್ಟು ಅವರ ವಾಹನಗಳ ಚಕ್ರ ನೋಡಿ ಮಾತಾಡಿಸತೊಡಗಿದ. ಇದ್ದದ್ದು ಆರು-ಹದಿನಾರರ ಟೈರು, ಅಂದರೆ ಆರಂಗುಲ ದಪ್ಪ, ಹದಿನಾರಂಗುಲದ ರಿಮ್ಮು. ದೊಡ್ಡದು ಹಾಕಿಸಲೇಬೇಕು. ಎಷ್ಟು ದೊಡ್ಡದು?

ಈ ಪ್ರಶ್ನೆಗೆ ಪಕ್ಕದ ಮನೆಯ ನಂಜುಂಡ ಇದ್ದ. ನಂಜನಗೂಡಿನ ಕಡೆಯವನು, ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್, ಇಪ್ಪತ್ತು ವರ್ಷದಿಂದ ಗಾಲಿಗಳ ನಡುವೆಯೇ ಬದುಕಿದವನು. ಪೆರಂಬೂರಿನಲ್ಲಿ ಗಾಲಿಯ ವಿಷಯಕ್ಕೆ ನಂಜುಂಡನ ಮಾತೇ ಕೊನೆಯ ಮಾತು.

"ಟೇಪ್ ತನ್ನಿ ಸಾರ್" ಎಂದ ನಂಜುಂಡ.

ಆದರೆ ಏಕಾಂತಪ್ಪನ ಕಸುಬಿನಲ್ಲಿ ಟೇಪು ಇಲ್ಲ. ಒಂದು ಬಾಗಿಲು ಎಷ್ಟು ಅಗಲವೆಂದು ಕೇಳಿದರೆ "ಪಾಯಸದ ಕೊಪ್ಪರಿಗೆ ಹೋಗತೈತಿ, ಅನ್ನದ ಹಂಡೆ ಹೋಗಂಗಿಲ್ಲ" ಎನ್ನುವವನು ಅವನು. ಒಳಗೆ ಹೋಗಿ ಮುಚ್ಚಳಗಳನ್ನೇ ಹೊತ್ತು ತಂದ. ಸಾರಿನ ಪಾತ್ರೆಯ ಮುಚ್ಚಳ ಈಗಿನ ಟೈರಿಗೆ ಸರಿಸಮ. ಹುಳಿಯ ಪಾತ್ರೆಯದು ಸ್ವಲ್ಪ ದೊಡ್ಡದು, ಆದರೆ ಶಾಂತವೀರಪ್ಪನ ಬಾಯಿ ಮುಚ್ಚಿಸುವಷ್ಟಿಲ್ಲ. ಕೊನೆಗೆ ಐವತ್ತು ಪಡಿ ಅನ್ನದ ಹಂಡೆಯ ಮುಚ್ಚಳ ಬಂತು. ಚಕ್ರಕ್ಕೆ ಒತ್ತಿ ಹಿಡಿದರೆ ಮಡ್‌ಗಾರ್ಡಿನ ಕಮಾನಿನೊಳಗೆ ಸುತ್ತಲೂ ಒಂದು ಬೆರಳು ಸಂದು ಬಿಟ್ಟು ಕೂತಿತು. ನಂಜುಂಡ ನೆಲದ ಮೇಲೆ ಅಂಗಾತ ಮಲಗಿ ಟಾರ್ಚ್ ಬಿಟ್ಟು ನೋಡಿದ.

"ಬೆರಳು ಸಂದು ಇದೆ ಸಾರ್! ನಮ್ಮ ಕೋಚು ಇದಕ್ಕಿಂತ ಕಮ್ಮಿ ಸಂದಲ್ಲಿ ಡೆಲ್ಲಿವರೆಗೂ ಓಡುತ್ತೆ. ದೈರ್ಯಮಾ ಹಾಕ್ಸಿ!"

ಇಲ್ಲಿ ಒಂದು ಸಣ್ಣ ಸಂಗತಿ ಇಬ್ಬರಿಗೂ ಹೊಳೆಯಲಿಲ್ಲ. ಹಂಡೆಯ ಮುಚ್ಚಳ ಎಡಕ್ಕೂ ಬಲಕ್ಕೂ ಹೊರಳುವ ವಸ್ತುವಲ್ಲ. ರೈಲಿನ ಗಾಲಿಯನ್ನೂ ಯಾರೂ ತಿರುಗಿಸುವುದಿಲ್ಲ, ಹಳಿ ಹೋದ ಕಡೆ ಅದು ಹೋಗುತ್ತದೆ. ಹೀಗಾಗಿ ಮುಂದಿನ ಚಕ್ರಗಳನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಅಳತೆ ಮುಗಿಯಿತು. ಏಕಾಂತಪ್ಪ ಟೈರು ಇಷ್ಟಿರಬೇಕೆಂದು ಸೀಮೆಸುಣ್ಣದಿಂದ ಮುಚ್ಚಳದ ಅಂಚಿನುದ್ದಕ್ಕೂ ಗೆರೆ ಎಳೆದು ಅದನ್ನು ಗಾಡಿಗೆ ಹಾಕಿದ.

ಅದೇ ದಿನ ಸರ್ವಮಂಗಳಾ ಮೊದಲ ಸಲ ಹಾಸಿಗೆಯಿಂದ ಎದ್ದು ಗೋಡೆ ಹಿಡಿದು ಬಾಗಿಲಿಗೆ ಬಂದಿದ್ದಳು.

"ಪ್ಯಾಟಿಗೆ ಹೊಂಟೀರೇನ್ರಿ? ಬರ್ತಾ ನಾಲ್ಕು ಸಾತ್ತುಕುಡಿ ತಗೊಂಡ್ ಬರ್ರಿ. ಬಾಯಿ ಕಹಿ ಆಗೇತಿ" ಎಂದಳು. ಮೋಸಂಬಿಗೆ ಇಪ್ಪತ್ತೆರಡು ವರ್ಷದಿಂದ ಅವರ ಮನೆಯಲ್ಲಿ ಅದೇ ಹೆಸರು.

"ನಾಕ್ಯಾಕ, ಡಜನ್ ತರ್ತೀನಿ!" ಎಂದ ಏಕಾಂತಪ್ಪ. ಅವನ ಉತ್ಸಾಹಕ್ಕೆ ಅಂದು ಎಣಿಕೆಯಿರಲಿಲ್ಲ.

ನಂಜುಂಡನೂ ಗಾಡಿ ಹತ್ತಿದ. ಪುದುಪೇಟೆಯಲ್ಲಿ ಏಳುಮಲೈಯ ಟೈರಂಗಡಿ. ಮುಚ್ಚಳ ಹಿಡಿದು ಟೈರು ಕೊಳ್ಳಲು ಬಂದ ಗಿರಾಕಿಯನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ, ಆದರೂ ವ್ಯಾಪಾರಿ, ಮುಖ ಬಿಗಿಹಿಡಿದು ವಿಚಾರಿಸಿದ. ಗಾಡಿಯನ್ನು ಒಂದು ಸುತ್ತು ನೋಡಿ, "ಇಷ್ಟು ಎತ್ತರಕ್ಕೆ ಆರೂವರೆ ಕರೆಕ್ಟ್ ಅಣ್ಣೇ. ರೊಂಬ ಆಸೆ ಇದ್ರೆ ಏಳು. ಅದಕ್ಕೆ ಮೇಲೆ ವೇಂಡಾಂ" ಎಂದ. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ, ಆದರೆ ಅಷ್ಟರಲ್ಲಿ ಎಲ್ಲ ಬುದ್ಧಿಯೂ ಇತ್ತು.

ಏಕಾಂತಪ್ಪ ಅವನ ಮಾತು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಆರೂವರೆಗೆ ಮುಚ್ಚಳ ಒತ್ತಿ ನೋಡಿದ, ಚಿಕ್ಕದು. ಏಳಕ್ಕೆ ಒತ್ತಿದ, ಅದೂ ಚಿಕ್ಕದು. ತಲೆ ಎತ್ತಿದರೆ ಸೂರಿನ ಕೊಕ್ಕೆಯಲ್ಲಿ ನಾಲ್ಕು ಟೈರು ಕರ್ರಗೆ, ದಪ್ಪಗೆ, ಒಳ್ಳೇ ಮನೆತನದವರ ಹಾಗೆ ಯಾರನ್ನೂ ಮಾತಾಡಿಸದೆ ತೂಗುತ್ತಿದ್ದವು. ಕೆಳಗಿಳಿಸಿ ಒತ್ತಿ ನೋಡಿದರೆ ಸೀಮೆಸುಣ್ಣದ ಗೆರೆಗೆ ಕೂದಲೆಳೆ ವ್ಯತ್ಯಾಸವಿಲ್ಲ!

"ಇದು! ಇದೇ!" ಎಂದು ಏಕಾಂತಪ್ಪ ಕೂಗಿದ್ದಕ್ಕೆ ಎದುರಂಗಡಿಯವರು ಹೊರಗೆ ಬಂದರು.

"ಅಯ್ಯೋ, ಏಳರೈ ಅಣ್ಣೇ ಅದು" ಎಂದ ಏಳುಮಲೈ. ಏಳೂವರೆ ಎಂದರೆ ಶನಿ ಹಿಡಿದು ಕಾಡುವ ವರ್ಷಗಳ ಲೆಕ್ಕ. ಮದರಾಸಿನಲ್ಲಿ ಆ ಸಂಖ್ಯೆಯನ್ನು ಯಾರೂ ನಗುತ್ತಾ ಹೇಳುವುದಿಲ್ಲ. "ಸ್ಟೇರಿಂಗ್ ಫುಲ್ಲಾ ತಿರುಗಿಸಿ ಅಳತೆ ಮಾಡಿದ್ರಾ?"

ನಂಜುಂಡನಿಗೆ ರೇಗಿತು. "ನಾನು ಯಾರು ಗೊತ್ತಾಪ್ಪಾ? ರೈಲ್ವೆ!"

ರೈಲ್ವೆ ಎಂದ ಮೇಲೆ ಏಳುಮಲೈ ಜಾಕು ತಂದ. ಹಳೆಯ ಟೈರುಗಳನ್ನು ತಾನೇ ಇಟ್ಟುಕೊಂಡು ಏಳೂವರೆಯನ್ನು ಹಾಕಿಸಿಕೊಟ್ಟ. ಗಾಡಿ ಮೇಲೆದ್ದು ನಿಂತ ಗತ್ತು ನೋಡಿ ಏಕಾಂತಪ್ಪನ ಕಣ್ಣಲ್ಲಿ ನೀರೇ ಬಂತು. ಹತ್ತಿ ಕೂತರೆ ಪಲ್ಲವನ್ ಬಸ್ಸಿನ ಕಂಡಕ್ಟರನ ಚೀಲದೊಳಗಿನ ಚಿಲ್ಲರೆ ಕಾಣುತ್ತಿತ್ತು.

ಅಂಗಡಿಯಿಂದ ಬಲಕ್ಕೆ ಹೊರಟರು. ಬೆಣ್ಣೆಯ ಹಾಗೆ ಹೋಯಿತು. ಮೊದಲ ಮೂಲೆಯಲ್ಲಿ ಎಡಕ್ಕೆ ತಿರುಗಿಸಿದ. ಕೆಳಗಿನಿಂದ ಕರ್‌ರ್‌ರ್ ಎಂದು ಒಂದು ಸದ್ದು ಬಂದು ಗಾಡಿ ರಸ್ತೆಯ ನಡುವೆ ಹಠ ಹಿಡಿದು ನಿಂತಿತು.

"ಹೊಸ ಚಪ್ಪಲಿ ಕಚ್ಚಲ್ವಾ ಸಾರ್, ಹಾಗೆ" ಎಂದ ನಂಜುಂಡ. ಇನ್ನೊಂದು ಸಲ ತಿರುಗಿಸಿದರು. ಇನ್ನೂ ಜೋರಾಗಿ ಕಚ್ಚಿತು. ನಂಜುಂಡ ಇಳಿದು ಕೆಳಗೆ ತೂರಿ ನೋಡಿ, ಮೈಯೆಲ್ಲ ಧೂಳಾಗಿ ಎದ್ದು ಬಂದು, ಸಾವಿನ ಸುದ್ದಿ ಹೇಳುವವನ ದನಿಯಲ್ಲಿ ಹೇಳಿದ: "ಎಡಕ್ಕೆ ತಿರುಗಿಸಿದ್ರೆ ಬಲಗಡೆ ಚಕ್ರ ಸ್ಟೇರಿಂಗ್ ಸರಳಿಗೆ ತಾಗುತ್ತೆ ಸಾರ್. ಸಣ್ಣ ಪುಟ್ಟ ಬಳುಕಿಗೆ ತೊಂದ್ರೆ ಇಲ್ಲ. ಬಲಕ್ಕೆ ಫಸ್ಟ್ ಕ್ಲಾಸ್. ಎಡ ಮಾತ್ರ ಸ್ವಲ್ಪ... ಇಲ್ಲ."

"ಇಲ್ಲ ಅಂದ್ರ?"

"ಇಲ್ಲವೇ ಇಲ್ಲ."

ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಇಂಥ ಹೊತ್ತಿನಲ್ಲೇ ಮನುಷ್ಯನ ಬುದ್ಧಿ ಚುರುಕಾಗುವುದು. ನಂಜುಂಡ ಗಾಜಿನ ಧೂಳಿನ ಮೇಲೆ ಬೆರಳಾಡಿಸಿ ಒಂದು ಚೌಕ ಬರೆದು ಕುಣಿದುಬಿಟ್ಟ. "ಸಾರ್! ನೇರಾ ಹೋಗಿ, ಬಲ, ಆಮೇಲೆ ಬಲ, ಇನ್ನೊಂದು ಬಲ. ಪಾರುಂಗ, ಎಡಕ್ಕೆ ಬಂದ್ಬಿಟ್ವಿ! ಮೂರು ಬಲ ಸೇರಿದ್ರೆ ಒಂದು ಎಡ!"

ಹೀಗೆ ಎಡವನ್ನು ಬಲದಿಂದ ಕೊಳ್ಳುತ್ತಾ ಪುದುಪೇಟೆಯಿಂದ ಪೆರಂಬೂರಿಗೆ ಬರಲು ಎರಡೂವರೆ ಗಂಟೆ ಹಿಡಿಯಿತು. ಒಂದು ಕೂಡುರಸ್ತೆಯಲ್ಲಿ ನಿಂತಿದ್ದ ಪೋಲೀಸ್ ಕಾನ್‌ಸ್ಟೇಬಲ್ಲನ ಮುಂದೆ ಗಾಡಿ ಮೂರು ಸಲ ಹಾದುಹೋಯಿತು. ನಾಲ್ಕನೇ ಸಲ ಅವನು ಸೀಟಿ ಊದಿ ತಡೆದ. "ಯೋವ್, ಮೂಣು ತಡವೆ ಪಾತ್ತಾಚ್ಚು! ಏನಯ್ಯಾ ಹುಡುಕ್ತಾ ಇದೀಯ?" ಎಂದು ತಮಿಳಿಗೆ ಕನ್ನಡ ಬೆರೆಸಿ ಗದರಿಸಿ ತೊಟ್ಟಿಯೊಳಗೆ ಇಣುಕಿದ. ಒಂದು ದೊಡ್ಡ ಮುಚ್ಚಳ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮುಚ್ಚಳವಿದೆ, ಪಾತ್ರೆ ಎಲ್ಲಿ ಎಂದು ಕೇಳಿದ. ಪಾತ್ರೆ ಪೆರಂಬೂರಿನಲ್ಲಿದೆ ಎಂಬ ಉತ್ತರಕ್ಕೆ ಅವನು ಇಬ್ಬರನ್ನೂ ಇನ್ನೊಮ್ಮೆ ನೋಡಿದ. ಹೆಸರು, ವಿಳಾಸ ಬರೆದುಕೊಂಡು ಬಿಟ್ಟ.

ಮನೆ ಮುಂದೆ ಸರ್ವಮಂಗಳಾ ಜಗುಲಿಯ ಮೇಲೆ ಕೂತಿದ್ದಳು. ಬೀದಿಯವರೆಲ್ಲ ಟೈರು ನೋಡಿ "ಅಬ್ಬಬ್ಬಾ!" ಎಂದರು. ಅವಳು ಗಂಡನ ಎರಡೂ ಕೈ ನೋಡಿದಳು.

"ಸಾತ್ತುಕುಡಿ?"

ಏಕಾಂತಪ್ಪ ಗಾಡಿಯ ಕಡೆ ಕೈ ತೋರಿಸಿದ. "ಅದು... ಟೈರು ನೋಡಿದೀಯೇನು?"

"ನೋಡಿದೆ" ಎಂದು ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಅವಳು ಬಯ್ದಿದ್ದರೆ ಏಕಾಂತಪ್ಪ ನಿಶ್ಚಿಂತೆಯಾಗಿ ಉಂಡು ಮಲಗುತ್ತಿದ್ದ.

ಮಾರನೆಯ ದಿನವೇ ಟೈರು ವಾಪಸು ಕೊಡಬಹುದಿತ್ತು ಎಂದು ನೀವು ಹೇಳಬಹುದು. ಆದರೆ ಮನೆಗೆ ಬರುವ ದಾರಿಯಲ್ಲೇ, ಒಂದು ಬಲ ತಿರುವಿನ ನಡುವೆ ಅಂಚೆ ಕಚೇರಿ ಸಿಕ್ಕಿ, ಏಕಾಂತಪ್ಪ ಶಾಂತವೀರಪ್ಪನಿಗೆ ಕಾರ್ಡು ಹಾಕಿಬಿಟ್ಟಿದ್ದ. "ಆನೆಗೆ ಈಗ ಆನೆಯ ಕಾಲೇ ಬಂದಿದೆ. ಬಂದು ನೋಡತಕ್ಕದ್ದು." ಗಂಡಸಿನ ಮಾತು ಹೊರಟ ಮೇಲೆ ಟೈರು ಹಿಂದಕ್ಕೆ ಹೋಗುವುದು ಹೇಗೆ?

ಈಗ ಅವರ ಬೀದಿಯ ಲಕ್ಷಣ ಹೇಳಬೇಕು. ಬೀದಿ ಮುಗಿದಲ್ಲಿ ದೊಡ್ಡ ರಸ್ತೆ. ಏಕಾಂತಪ್ಪನ ವ್ಯಾಪಾರವೆಲ್ಲ ಅಲ್ಲಿಂದ ಎಡಕ್ಕೆ. ಎಡ ಇಲ್ಲದ್ದರಿಂದ ಅವನು ದೊಡ್ಡ ರಸ್ತೆಯನ್ನು ನೇರ ದಾಟಿ ಎದುರು ಬೀದಿಗೆ ಹೋಗಿ, ಮೂರು ಸಲ ಬಲಕ್ಕೆ ಹೊರಳಿ, ದೊಡ್ಡ ರಸ್ತೆಗೆ ವಾಪಸು ಬಂದು ಸೇರುತ್ತಿದ್ದ. ಈ ಸುತ್ತಿನ ನಡುವೆ ಬೇರೇನೂ ಇರಲಿಲ್ಲ, ಒಂದು ಬೇವಿನ ಮರ ಮತ್ತು ಒಂದು ಪಿಳ್ಳೆಯಾರ್ ಗುಡಿ. ದಿನಕ್ಕೆ ಮೂರು ಬಾಡಿಗೆ ಇದ್ದರೆ ಮೂರು ಸುತ್ತು, ದೇವರು ಬಲಗಡೆಗೆ, ಶಾಸ್ತ್ರ ತಪ್ಪದ ಪ್ರದಕ್ಷಿಣೆ.

ಗುಡಿಯ ಎದುರು ಮನೆ ಶಾರದಮ್ಮನದು. ಮೈಸೂರಿನ ಕಡೆಯವರು, ಯಜಮಾನರು ರೈಲ್ವೆಯಲ್ಲಿದ್ದು ನಿವೃತ್ತರಾಗಿದ್ದರು, ಆಕೆ ಮಾತ್ರ ಬೀದಿಯ ಉಸ್ತುವಾರಿಯಿಂದ ನಿವೃತ್ತರಾಗಿರಲಿಲ್ಲ. ಐದನೇ ದಿನ ರಂಗೋಲಿ ಬಟ್ಟಲು ಹಿಡಿದು ಗಾಡಿಗೆ ಅಡ್ಡ ನಿಂತರು.

"ಏಕಾಂತಪ್ಪನೋರೆ, ಐದು ದಿನದಿಂದ ನೋಡ್ತಿದೀನಿ. ದಿನಾ ಗಣಪತಿಗೆ ಸುತ್ತು ಬರ್ತೀರಲ್ಲ, ಹರಕೆಯೇ?"

ಇಲ್ಲಿ ಏಕಾಂತಪ್ಪ ಸತ್ಯವನ್ನೇ ಹೇಳಲು ಬಾಯಿ ತೆರೆದ ಎಂಬುದಕ್ಕೆ ನಾನು ಸಾಕ್ಷಿ. ಆದರೆ ಟೈರು ಹೊಗಳಿದ್ದ ಹತ್ತು ಜನ ಸುತ್ತ ನಿಂತಿದ್ದರು. "ಅದು ಏನಂದ್ರ... ಮನ್ಯಾಗ ಅಕಿಗೆ ಮೈ ಸರಿ ಇರಲಿಲ್ಲಲ್ಲ..." ಎಂದು ತೊದಲಿದ. ಮುಂದೆ "ಅದರ ಗಡಿಬಿಡಿಯಾಗ ಟೈರಿನ ಅಳತಿ ತಪ್ಪಿತು" ಎಂದು ಸೇರಿಸುವವನಿದ್ದ.

ಶಾರದಮ್ಮನಿಗೆ ಅಷ್ಟೇ ಸಾಕಾಯಿತು. "ಹೆಂಡತಿಗೋಸ್ಕರ! ನೋಡ್ರೇ, ಕಟ್ಟಿಕೊಂಡವಳಿಗೆ ವಾಸಿಯಾಗಲಿ ಅಂತ ಗಂಡಸು ಹರಕೆ ಹೊತ್ತಿದ್ದಾನೆ! ನಮ್ಮನೇಲೂ ಒಬ್ಬರಿದಾರೆ, ನನಗೆ ಜ್ವರ ಬಂದ್ರೆ ಕಾಫಿ ಯಾರು ಮಾಡ್ತಾರೆ ಅಂತ ಕೇಳ್ತಾರೆ!"

ಸಂಜೆಯೊಳಗೆ ಸುದ್ದಿ ಪೆರಂಬೂರು ತುಂಬಿತು. ಕಾಲ್ನಡಿಗೆಯ ಪ್ರದಕ್ಷಿಣೆ ಎಲ್ಲರೂ ಮಾಡುತ್ತಾರೆ, ಗಾಡಿ ತುಂಬ ಹಂಡೆಗಳ ಸಮೇತ ಮಾಡುವವನು ಇವನೊಬ್ಬನೇ ಎಂದರು. ಎಡಕ್ಕೆ ತಿರುಗಿದರೆ ಅಪ್ರದಕ್ಷಿಣೆಯಾದೀತೆಂದು ಮದರಾಸಿನ ಯಾವ ಮೂಲೆಯಲ್ಲೂ ಅವನು ಎಡಕ್ಕೆ ತಿರುಗುವುದಿಲ್ಲವಂತೆ ಎಂಬ ಸೂಕ್ಷ್ಮವನ್ನೂ ಯಾರೋ ಪತ್ತೆ ಹಚ್ಚಿದರು. ಬ್ಯಾಂಕಿನ ವಿಷ್ಣುತೀರ್ಥ ಬಂದು ತನ್ನ ಮಗಳ ಮದುವೆಗೆ ಪಾತ್ರೆಗಳು ಬಲದಿಂದಲೇ ಬರಬೇಕೆಂದು ಕೈಮುಗಿದ. ಹೆಸರು ಬರೆದುಕೊಂಡಿದ್ದ ಕಾನ್‌ಸ್ಟೇಬಲ್ ವಿಳಾಸ ಹುಡುಕಿಕೊಂಡು ಬಂದು, ವಿಷಯ ತಿಳಿದು, ಟೋಪಿ ತೆಗೆದು, ಅಂದಿನಿಂದ ಏಕಾಂತಪ್ಪನ ಗಾಡಿ ಕಂಡರೆ ಎದುರಿನ ಬಸ್ಸನ್ನೇ ನಿಲ್ಲಿಸಿ ಬಲಕ್ಕೆ ದಾರಿ ಕೊಡತೊಡಗಿದ. ಕಾಲೇಜಿಗೆ ಹೋಗುತ್ತಿದ್ದ ಮಗಳು ಜಯದೇವಿ ಮಾತ್ರ, "ಅಪ್ಪಾ, ಎನ್ ಫ್ರೆಂಡ್ಸ್ ಎಲ್ಲಾರೂ ಕೇಕ್ಕಿರಾಂಗ, ವೈ ಓನ್ಲಿ ರೈಟ್?" ಎಂದು ಕೇಳಿದಳು. ಏಕಾಂತಪ್ಪ ಅವಳಿಗೆ ಓದಿಕೋ ಹೋಗು ಎಂದ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಸರ್ವಮಂಗಳಾ. ಶಾರದಮ್ಮ ಬಂದು ಅವಳ ಎರಡೂ ಕೈ ಹಿಡಿದು ಹರಕೆಯ ಸಂಗತಿ ಹೇಳಿದಾಗ ಅವಳು ಗಂಡನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ ಏನೂ ಕೇಳದೆ ಒಳಗೆ ಹೋದಳು. ಆದರೆ ಆ ರಾತ್ರಿ ಅನ್ನದ ಮೇಲೆ ಎರಡು ಮಿಳ್ಳೆ ತುಪ್ಪ ಬಿತ್ತು. ಮರುದಿನ ಪಂಚೆಗೆ ನೀಲಿ ಹಾಕಿ ಮಡಿಸಿಟ್ಟಿದ್ದಳು. ಮುಖಕ್ಕೆ ರಕ್ತ ಬಂತು, ಗೋಡೆ ಬಿಟ್ಟು ನಡೆದಳು, ಬೀದಿಯ ಹೆಂಗಸರ ನಡುವೆ ಕೂತು ನಕ್ಕಳು. ಇಪ್ಪತ್ತೆರಡು ವರ್ಷದಲ್ಲಿ ಏಕಾಂತಪ್ಪ ಅವಳನ್ನು ಅಷ್ಟು ಚೆಲುವಾಗಿ ಕಂಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಟೈರಿನ ಸತ್ಯ ಹೊರಬಿದ್ದರೆ ಊರು ನಗಲಿ, ಅದು ಬೇರೆ. ಈ ನಗು ಅವಳ ಮುಖದಿಂದ ಹೋಗಿಬಿಟ್ಟರೆ?

"ಸಾರ್, ಹೇಳ್ಬಿಡೋಣ" ಎಂದ ನಂಜುಂಡ ಒಂದು ದಿನ.

"ಬಾಯಿ ಬಿಟ್ಟಿ ಅಂದ್ರ ನಿನ್ನ ಅಳತಿ ನಿಮ್ಮ ವರ್ಕ್‌ಶಾಪಿನಾಗ ಹೇಳ್ತೀನಿ" ಎಂದ ಏಕಾಂತಪ್ಪ. ನಂಜುಂಡ ಮತ್ತೆ ಆ ಮಾತೆತ್ತಲಿಲ್ಲ.

ಹರಕೆ ಎಂದ ಮೇಲೆ ಅದಕ್ಕೆ ಒಂದು ಮಂಡಲ, ನಲವತ್ತೆಂಟು ದಿನ. ಲೆಕ್ಕ ಇಟ್ಟವರು ಶಾರದಮ್ಮ. ನಲವತ್ತಾರನೇ ದಿನ ಶಾಂತವೀರಪ್ಪ ದಾವಣಗೆರೆಯಿಂದ ಇಳಿದ. ಅವನು ಬಂದದ್ದು ಆನೆಕಾಲಿನ ಟೈರು ನೋಡಿ ಏನಾದರೂ ಕೊಂಕು ತೆಗೆಯಲು. ನಿಲ್ದಾಣದಿಂದ ಬರುವ ದಾರಿಯಲ್ಲೇ ನಾಲ್ಕು ಜನ ಹರಕೆಯ ಸುದ್ದಿ ಹೇಳಿದ್ದರಿಂದ ಮನೆ ಮುಟ್ಟುವಷ್ಟರಲ್ಲಿ ಅವನ ಕಣ್ಣು ಒದ್ದೆಯಾಗಿತ್ತು. ಟೈರಿನ ಕಡೆ ನೋಡಲೇ ಇಲ್ಲ!

"ಏಕಾಂತಪ್ಪಾ, ನನ್ನ ತಂಗಿಗೆ ಇಷ್ಟು ಮಾಡ್ತೀ ಅಂತ ನಾನು ತಿಳಿದಿರಲಿಲ್ಲೋ" ಎಂದು ತಬ್ಬಿಕೊಂಡ. ಆಮೇಲೆ ಶಾಸ್ತ್ರ ನೆನಪಾಯಿತು. "ಆದ್ರ ಒಂದು ಲೋಪ ಐತಿ. ಮಗನಿಗೆ ನಲವತ್ತೆಂಟು ದಿನ ಸುತ್ತಿ ಅಪ್ಪನ ಮರತ್ರ ಹೆಂಗ? ಕಡೀ ದಿನ ಈಶ್ವರನ ಗುಡಿಗೆ ಸುತ್ತು ಹಾಕಿ ಮುಗಿಸಬೇಕು. ಹರಕಿ ಗಾಡಿಯಾಗ ಹೊತ್ತದ್ದು, ಗಾಡಿಯಾಗ ತೀರಬೇಕು. ತಂಗೀನ ಪಕ್ಕದಾಗ ಕೂಡಿಸ್ಕೋ."

ಪ್ರದಕ್ಷಿಣೆ ಎಂದರೆ ಬಲವೇ ತಾನೇ ಎಂದು ಏಕಾಂತಪ್ಪ ನಿರಾಳವಾಗಿ ತಲೆಯಾಡಿಸಿದ. ಶಾಂತವೀರಪ್ಪ ಇನ್ನೂ ಮುಗಿಸಿರಲಿಲ್ಲ.

"ಈಶ್ವರನ ಗುಡಿ ಅಂದ್ರ ಗೊತ್ತಲ್ಲ. ಅಭಿಷೇಕದ ನೀರು ಹೋಗೋ ದೋಣಿ ದಾಟಂಗಿಲ್ಲ. ಅಲ್ಲಿ ತನಕ ಹೋಗಿ, ತಿರುಗಿ, ಬಂದ ದಾರೀಲೇ ಹಿಂದಕ್ಕ ಸುತ್ತಿ, ಆಕಡಿಂದ ದೋಣಿ ಮುಟ್ಟಿ, ಮತ್ತ ಮುಂದಕ್ಕ ಬರಬೇಕು. ಇಲ್ಲಿ ಗುಡಿ ದೋಣಿ ಉತ್ತರದ ಬೀದಿಗೇ ಹರೀತೈತಿ, ನಾ ನೋಡೇನಿ. ಗಾಡಿ ಆದ್ರೇನು, ಶಾಸ್ತ್ರ ಶಾಸ್ತ್ರನ."

ಏಕಾಂತಪ್ಪ ಕಾಫಿ ಲೋಟ ಕೆಳಗಿಟ್ಟು ಬೆರಳ ಮೇಲೆ ಮೂಲೆಗಳನ್ನು ಎಣಿಸಿದ. ಹಿಂದಕ್ಕೆ ಸುತ್ತುವುದೆಂದರೆ ಅಪ್ರದಕ್ಷಿಣೆ. ಅಪ್ರದಕ್ಷಿಣೆ ಎಂದರೆ ಎಲ್ಲ ಮೂಲೆಯಲ್ಲೂ ಎಡ.

ನಲವತ್ತೆಂಟನೇ ದಿನ ಬೆಳಿಗ್ಗೆ ಈಶ್ವರನ ಗುಡಿಯ ಸುತ್ತ ಜಾತ್ರೆಯ ಜನ. ಟೈರುಗಳಿಗೆ ವಿಭೂತಿ ಬಳಿದು, ಬಾನೆಟ್ಟಿಗೆ ಚೆಂಡುಹೂ ಹಾಕಿದ್ದರು. ಶಾರದಮ್ಮ ಆರತಿ ಎತ್ತಿದರು, ವಿಷ್ಣುತೀರ್ಥ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ, ಕಾನ್‌ಸ್ಟೇಬಲ್ ಸೈಕಲ್ಲುಗಳನ್ನೆಲ್ಲ ಬದಿಗೆ ಅಟ್ಟಿದ. ನಾದಸ್ವರದವನು ಕೆನ್ನೆ ಉಬ್ಬಿಸಿದ. ಸರ್ವಮಂಗಳಾ ಮದುವೆಯ ಸೀರೆ ಉಟ್ಟು ಏಕಾಂತಪ್ಪನ ಪಕ್ಕದಲ್ಲಿ ಏರಿ ಕೂತಳು.

ಗಾಡಿ ಹೊರಟಿತು. ಮೊದಲ ಮೂಲೆ, ಬಲ. ಎರಡನೆಯದು, ಬಲ. ಮೂರನೆಯದು, ಬಲ. ಉತ್ತರದ ಬೀದಿಯ ನಡುವೆ ಗೋಡೆಯ ತೂತಿನಿಂದ ಅಭಿಷೇಕದ ನೀರು ಹರಿದು ಬೀದಿಗೆ ಅಡ್ಡಲಾಗಿ ಹೊಳೆಯುತ್ತಿತ್ತು. ಏಕಾಂತಪ್ಪ ಬ್ರೇಕು ಒತ್ತಿದ. ನಾದಸ್ವರ ನಿಂತಿತು. ಗೋಡೆಯ ಮೇಲೆ, ಜಗುಲಿಯ ಮೇಲೆ, ಬಾಲ್ಕನಿಯಲ್ಲಿ ಜನ ನೋಡುತ್ತಿದ್ದರು.

"ತಿರುಗಿಸೋ!" ಎಂದು ಕೂಗಿದ ಶಾಂತವೀರಪ್ಪ.

ನಂಜುಂಡ ಒಂದು ಕಂಬದ ಹಿಂದೆ ನಿಂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಏಕಾಂತಪ್ಪ ಸ್ಟೇರಿಂಗ್ ಬಿಟ್ಟ. ಎಲ್ಲ ಮುಗಿಯಿತು, ಇಳಿದು ಹೇಳಿಬಿಡುವುದು ಎಂದು ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ಆಗ ಪಕ್ಕದಿಂದ ಮೆಲ್ಲಗೆ ಒಂದು ದನಿ ಬಂತು.

"ಎಡಕ್ಕ ಹೆಂಗೂ ಬರಂಗಿಲ್ಲ. ರಿವರ್ಸ್ ಹಾಕ್ರಿ."

ಏಕಾಂತಪ್ಪ ಹೆಂಡತಿಯ ಕಡೆ ತಿರುಗಿದ. ಅವಳು ಎದುರಿಗೇ ನೋಡುತ್ತಾ ಕೈಮುಗಿದುಕೊಂಡು ಕೂತಿದ್ದಳು, ತುಟಿ ಮಾತ್ರ ಆಡುತ್ತಿತ್ತು. "ಬಂದ ದಾರೀಲೇ ಹಿಂದಕ್ಕ ತಗೋರಿ. ಮೂಲ್ಯಾಗ ಬಲಕ್ಕ ಹೊಳ್ಳಿಸಿದಂಗ ಹೊಳ್ಳಿಸ್ರಿ, ಅದ ಬರತೈತಿ. ಹಿಂದ ನಾ ನೋಡ್ತೀನಿ."

ಗೇರು ಬಿತ್ತು. ಗಾಡಿ ಹಿಂದಕ್ಕೆ ಹೊರಟಿತು. ಮೂತಿ ಇದ್ದ ಕಡೆಯೇ ಇದೆ, ಬೆನ್ನು ಮುಂದಾಗಿದೆ, ಚಕ್ರ ಬಲಕ್ಕೇ ಹೊರಳುತ್ತಿದೆ, ಆದರೂ ಗಾಡಿ ಗುಡಿಯನ್ನು ತಿರುಗಾ ಸುತ್ತುತ್ತಿದೆ! ಸರ್ವಮಂಗಳಾ ಕತ್ತು ಹೊರಗೆ ಹಾಕಿ "ಇನ್ನೂ ಬರ್ರಿ, ಇನ್ನೂ ಬರ್ರಿ, ಆಕಳು ಐತಿ, ನಿಂದ್ರಿ, ಬರ್ರಿ" ಎನ್ನುತ್ತಿದ್ದಳು. ಆಮೇಲೆ ಶಾರದಮ್ಮನ ದನಿ ಎದ್ದಿತು.

"ಅಯ್ಯೋ ನನ್ನಪ್ಪಾ! ಗರ್ಭಗುಡಿಯಿಂದ ಬೆನ್ನು ತೋರಿಸದೆ ಹಿಂದಕ್ಕೆ ನಡೀತೀವಲ್ಲ, ಗಾಡೀನೂ ಹಾಗೇ ನಡೆಸ್ತಿದ್ದಾನಲ್ರೇ!"

ನಾದಸ್ವರ ಭೋರೆಂದಿತು. ಕಾನ್‌ಸ್ಟೇಬಲ್ ಸೆಲ್ಯೂಟ್ ಹೊಡೆದ. ವಿಷ್ಣುತೀರ್ಥ ಉತ್ಸಾಹ ತಡೆಯಲಾರದೆ ಗಾಡಿಯ ಜೊತೆ ತಾನೂ ಹಿಂದುಹಿಂದಕ್ಕೆ ನಡೆಯಹೋಗಿ ಎಳನೀರಿನವನ ರಾಶಿಯ ಮೇಲೆ ಕೂತುಬಿಟ್ಟ. ಮೂರೂ ಮೂಲೆ ಹಿಂದುಹಿಂದಕ್ಕೆ ದಾಟಿ, ನಾಲ್ಕನೇ ಮೂಲೆಯಿಂದ ಉತ್ತರದ ಬೀದಿಗೆ ಬೆನ್ನು ತೂರಿಸಿ, ಆ ಕಡೆಯಿಂದ ನೀರಿನ ಅಂಚು ಮುಟ್ಟಿ, ಮುಂದಿನ ಗೇರು ಹಾಕಿ ಗಾಡಿ ಗುಡಿಯ ಎದುರಿಗೆ ಬಂದು ನಿಂತಾಗ ಶಾಂತವೀರಪ್ಪ ಮಗುವಿನ ಹಾಗೆ ಅಳುತ್ತಿದ್ದ.

"ಮೂರು ಲಾರಿ, ಆರು ಡ್ರೈವರ್ ಇಟ್ಟೀನಿ. ಒಬ್ಬಗೂ ಈ ಭಕ್ತಿ ಇಲ್ಲ" ಎಂದ.

ಜನವೆಲ್ಲ ಚದುರಿ, ಪ್ರಸಾದದ ದೊನ್ನೆಗಳು ಖಾಲಿಯಾದ ಮೇಲೆ ಗಾಡಿಯಲ್ಲಿ ಇಬ್ಬರೇ ಉಳಿದರು. ಏಕಾಂತಪ್ಪ ಹೂವಿನ ಹಾರ ನೋಡುತ್ತಾ ಕೇಳಿದ: "ಯಾವಾಗ ಗೊತ್ತಾತು?"

"ಮೊದಲನೇ ದಿನಾನ" ಎಂದಳು ಸರ್ವಮಂಗಳಾ. "ಅನ್ನದ ಹಂಡೆ ಮುಚ್ಚಳದ ಮ್ಯಾಲೆ ಸೀಮೆಸುಣ್ಣದ ಗೆರಿ ಇತ್ತು. ಮುಚ್ಚಳ ತಿಕ್ಕೋಕಿ ನಾನಲ್ಲೇನು? ಮನಿ ಮುಂದ ಗಾಡಿ ನಿಲ್ಲಿಸೋವಾಗ ಎಡಕ್ಕ ಹೊಳ್ಳಿಸಿ ಕರ್ ಅನಿಸಿದ್ದು ಜಗುಲಿ ತನಕ ಕೇಳಿಸ್ತು."

"ಮತ್ತ ಯಾಕ ಸುಮ್ಮನಿದ್ದಿ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಿಮಗ ಹರಕಿ ಹೊರೋ ಬುದ್ಧಿ ಎಲ್ಲಿಂದ ಬರಬೇಕು? ನಾಲ್ಕು ಸಾತ್ತುಕುಡಿ ನೆನಪಿರಲಿಲ್ಲ. ಆದ್ರ ಬೀದಿ ಮಂದಿ ಎಲ್ಲಾ ಬಂದು ನಿನ್ನ ಗಂಡ ನಿನಗೋಸ್ಕರ ಅಂತ ಹೇಳಿದ್ರಲ್ಲ. ಅಂಥಾ ಮಾತು ನಾ ಯಾವತ್ತೂ ಕೇಳಿರಲಿಲ್ಲ. ಸುಳ್ಳಾದ್ರೂ ಆಗ್ಲಿ, ಒಂದು ಮಂಡಲ ಇರಲಿ ಅಂತ ಸುಮ್ಮನಿದ್ದೆ."

ಏಕಾಂತಪ್ಪ ಗೇರು ಹಾಕಿ ಗಾಡಿ ಹೊರಡಿಸಿದ.

ಅದೇ ಮಧ್ಯಾಹ್ನ ಅವನು ಪುದುಪೇಟೆಗೆ ಹೋದ, ಎಂದಿನಂತೆ ಬಲಬಲಕ್ಕೆ. ಹಳೆಯ ಆರು-ಹದಿನಾರರ ಟೈರುಗಳು ಏಳುಮಲೈಯ ಅಂಗಡಿಯ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಒರಗಿದ್ದವು. ಏಳುಮಲೈ ಬದಲಾಯಿಸಿಕೊಟ್ಟ. ಆನೆಗೆ ಮತ್ತೆ ಕೋಳಿ ಕಾಲು ಬಂತು. ಹೊರಗೆ ಹಣ್ಣಿನ ಗಾಡಿಯವನು ನಿಂತಿದ್ದ. ಏಕಾಂತಪ್ಪ ಅವನ ಕಡೆ ನಡೆದ.

ಮರುದಿನ ಬೆಳಿಗ್ಗೆ ಅವನು ಸರ್ವಮಂಗಳಾಳನ್ನು ಗಾಡಿಯಲ್ಲಿ ಕೂಡಿಸಿಕೊಂಡು ಹೊರಟ. ಹಂಡೆಗಳಿರಲಿಲ್ಲ, ಬೆಸೆಂಟ್ ನಗರದ ಕಡಲು ನೋಡುವುದೆಂದು ಇಬ್ಬರೂ ತೀರ್ಮಾನಿಸಿದ್ದರು. ಅವಳ ಮಡಿಲಲ್ಲಿ ಒಂದು ಡಜನ್ ಸಾತ್ತುಕುಡಿ ಇತ್ತು. ಬೀದಿ ಮುಗಿದು ದೊಡ್ಡ ರಸ್ತೆ ಬಂತು. ಎಡಗಡೆ ದಾರಿ ಖಾಲಿಯಾಗಿ, ಸಲೀಸಾಗಿ ಬಿದ್ದಿತ್ತು. ಏಕಾಂತಪ್ಪ ಅತ್ತ ನೋಡದೆ ನೇರಾ ದಾಟಿ ಎದುರು ಬೀದಿಗೆ ನುಗ್ಗಿಸಿ ಬಲಕ್ಕೆ ಹೊರಳಿಸಿದ. ಬೇವಿನ ಮರ ಬಂತು, ಪಿಳ್ಳೆಯಾರ್ ಗುಡಿ ಬಂತು, ರಂಗೋಲಿ ಹಾಕುತ್ತಿದ್ದ ಶಾರದಮ್ಮ ತಲೆ ಎತ್ತಿದರು.

"ಏನ್ರಿ, ಈಗ ಎಡಕ್ಕ ಬರತೈತಲ್ಲ?" ಎಂದಳು ಸರ್ವಮಂಗಳಾ.

"ಬರತೈತಿ" ಎಂದ ಏಕಾಂತಪ್ಪ, ಮತ್ತು ಇನ್ನೊಂದು ಬಲ ಹೊರಳಿಸಿದ.